ಕಡತ, ಕಾಯ್ದೆ, ಕಂಪ್ಯೂಟರ್: ಓದುಗರ ಪ್ರಶ್ನೆಗಳಿಗೆ ಉತ್ತರ

ಉದ್ಯಮದ ಕಾಗದಪತ್ರಗಳನ್ನು ಕಂಪ್ಯೂಟರಿನಲ್ಲಿ ಕಾಪಾಡುವ ದಾಖಲೆ ನಿರ್ವಹಣಾ ತಂತ್ರಾಂಶಗಳ ಬಗ್ಗೆ ಮುಂಬಯಿ, ಪುಣೆ ಮತ್ತು ಗೋವೆಯ ಓದುಗರಿಂದ ಬಂದ ಪತ್ರಗಳಲ್ಲಿ ಆರನ್ನು ಈ ಸಲ ಆರಿಸಿಕೊಂಡಿದ್ದೇನೆ. ಉದ್ದದ ಪತ್ರಗಳನ್ನು ಮೊಟಕುಗೊಳಿಸಿದ್ದೇನೆ. ಸಂಸ್ಥೆಗಳ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಚಿಕ್ಕ ಪ್ರೈವೇಟ್ ಲಿಮಿಟೆಡ್ ಕಾರ್ಖಾನೆ ಇದೆ. ವಾಹನಗಳ ಬಿಡಿಭಾಗಗಳನ್ನು ತಯಾರಿಸಿ ಚಾಕಣದ ದೊಡ್ಡ ಕಂಪನಿಯೊಂದಕ್ಕೆ ಕೊಡುತ್ತೇವೆ. ಅವರ ಆಡಿಟರ್ ಬಂದವರು, ನಮ್ಮಲ್ಲಿ ದಾಖಲೆಗಳ ನಿಯಂತ್ರಣವೇ ಇಲ್ಲವೆಂದು ಬರೆದು ಹೋದರು. ನಮ್ಮ ಕಾಗದಗಳೆಲ್ಲ ಸ್ಕ್ಯಾನ್ ಆಗಿ ಒಂದೇ ಫೋಲ್ಡರಿನಲ್ಲಿವೆ. ತಮ್ಮ ತಂತ್ರಾಂಶವನ್ನು ಕೊಂಡರೆ ಎಲ್ಲ ಕಾಯ್ದೆಗಳ ಪಾಲನೆಯೂ ತಾನಾಗಿಯೇ ಆಗುತ್ತದೆಂದು ಮಾರಾಟಗಾರರೊಬ್ಬರು ಹೇಳುತ್ತಿದ್ದಾರೆ. ಸ್ಕ್ಯಾನ್ ಮಾಡಿಟ್ಟದ್ದು ಸಾಲದೇ?
— ಓದುಗರು, ಭೋಸರಿ, ಪುಣೆ

ಉತ್ತರ: ಸಾಲದು. ಆದರೆ ಮಾರಾಟಗಾರರ ಮಾತಿನಲ್ಲಿರುವ ‘ತಾನಾಗಿಯೇ’ ಎಂಬ ಪದವನ್ನೂ ನಂಬಬೇಡಿ.

ಆಡಿಟರ್ ಏನನ್ನು ಕಂಡು ಹಾಗೆ ಬರೆದಿರಬಹುದು ಎಂಬುದನ್ನು ನಾನು ಊಹಿಸಬಲ್ಲೆ. ಯಂತ್ರದ ಪಕ್ಕದ ಗೋಡೆಗೆ ಅಂಟಿಸಿದ ಡ್ರಾಯಿಂಗ್ ಮೂರನೆಯ ಪರಿಷ್ಕರಣೆಯದು, ಗ್ರಾಹಕರು ಕಳುಹಿಸಿದ್ದು ಐದನೆಯದು, ಫೋಲ್ಡರಿನಲ್ಲಿ ‘ಫೈನಲ್’, ‘ಫೈನಲ್ ನ್ಯೂ’, ‘ಫೈನಲ್ ಲಾಸ್ಟ್’ ಎಂಬ ಹೆಸರಿನ ಮೂರು ಕಡತಗಳು. ಯಾವುದು ಚಾಲ್ತಿಯಲ್ಲಿದೆ ಎಂದು ಕೇಳಿದರೆ ಮೂವರು ಮೂರು ಉತ್ತರ ಕೊಡುತ್ತಾರೆ. ಗುಣಮಟ್ಟ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 9001ರ 2015ರ ಆವೃತ್ತಿಯ 7.5ನೆಯ ಖಂಡ ಕೇಳುವುದು ಇದನ್ನೇ: ದಾಖಲೆಯನ್ನು ಅಧಿಕಾರವುಳ್ಳವರು ಒಪ್ಪಿರಬೇಕು, ಕೆಲಸ ನಡೆಯುವ ಜಾಗದಲ್ಲಿ ಚಾಲ್ತಿಯ ಪ್ರತಿ ಸಿಗಬೇಕು, ಹಳೆಯ ಪ್ರತಿ ತಿಳಿಯದೆ ಬಳಕೆಯಾಗದಂತೆ ತಡೆ ಇರಬೇಕು, ಬದಲಾವಣೆಗಳ ಮೇಲೆ ಹಿಡಿತ ಇರಬೇಕು. ಕಾಗದ ‘ಇದೆ’ ಎಂದು ಫೋಲ್ಡರ್ ಹೇಳಬಲ್ಲದು; ಅದನ್ನು ಯಾರು ಒಪ್ಪಿದರು, ಯಾವಾಗ ಬದಲಾಯಿಸಿದರು, ಎಂದಿನವರೆಗೆ ಉಳಿಸಬೇಕು ಎಂಬುದನ್ನು ಹೇಳಲಾರದು. ಒಳ್ಳೆಯ ತಂತ್ರಾಂಶ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ: ಹೊಸ ಪರಿಷ್ಕರಣೆಗೆ ಒಪ್ಪಿಗೆ ಸಿಕ್ಕ ಕ್ಷಣದಲ್ಲಿ ಹಳೆಯದನ್ನು ಹಿಂದಕ್ಕೆ ಸರಿಸಿ, ಯಾರು ಯಾವ ಹೊತ್ತಿಗೆ ಏನು ಮಾಡಿದರೆಂಬುದನ್ನು ಅಳಿಸಲಾಗದ ಜಾಡಾಗಿ ಬರೆದಿಡುತ್ತದೆ. ಆದರೆ ಗೋಡೆಯ ಮೇಲಿನ ಹಳೆಯ ಡ್ರಾಯಿಂಗನ್ನು ಕಿತ್ತು ಹಾಕಲು ಮನುಷ್ಯನೇ ಹೋಗಬೇಕು.

ಕೊಳ್ಳುವ ಮೊದಲು ಒಂದು ಸಾಮಾನ್ಯ ನೋಟ್‌ಪುಸ್ತಕದಲ್ಲಿ ಗೆರೆ ಎಳೆದು ಪಟ್ಟಿ ಮಾಡಿ: ಕಾಗದ ಯಾವುದು, ಯಾವ ಕಾಯ್ದೆ ಅಥವಾ ಗ್ರಾಹಕರು ಅದನ್ನು ಕೇಳುತ್ತಾರೆ, ಎಷ್ಟು ಕಾಲ ಇರಬೇಕು, ಯಾರ ಹೊಣೆ, ಮುಂದಿನ ದಿನಾಂಕ ಯಾವುದು. ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪತ್ರದ ಅವಧಿ ಎಂದು ಮುಗಿಯುತ್ತದೆ? ಬಳಸಿದ ಎಣ್ಣೆ, ಬಣ್ಣದ ಕೆಸರು ಮುಂತಾದ ಅಪಾಯಕಾರಿ ತ್ಯಾಜ್ಯ ಹುಟ್ಟುತ್ತಿದ್ದರೆ 2016ರ ನಿಯಮಗಳ ಪ್ರಕಾರ ಅದನ್ನು ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕೂಡಿಡುವಂತಿಲ್ಲ, ವಾರ್ಷಿಕ ವಿವರಣೆಯನ್ನು ಜೂನ್ 30ರೊಳಗೆ 4ನೆಯ ನಮೂನೆಯಲ್ಲಿ ಸಲ್ಲಿಸಬೇಕು. ಮಂಡಳಿಯ ಒಪ್ಪಿಗೆ ಬೇಕಾದ ಘಟಕಗಳು ಪರಿಸರ ವಿವರಣೆಯನ್ನು ಸೆಪ್ಟೆಂಬರ್ 30ರೊಳಗೆ ಕೊಡಬೇಕು. ಎತ್ತುವ ಯಂತ್ರಗಳ ಮತ್ತು ಒತ್ತಡದ ಪಾತ್ರೆಗಳ ತಪಾಸಣಾ ಪ್ರಮಾಣಪತ್ರ, ತೂಕದ ಯಂತ್ರದ ಮುದ್ರೆ, ಅಗ್ನಿಶಾಮಕ ಸಿಲಿಂಡರಿನ ಮರುಭರ್ತಿ ಹೀಗೆ ಪಟ್ಟಿ ಬೆಳೆಯುತ್ತದೆ. ಈ ಪಟ್ಟಿ ಇಲ್ಲದೆ ಕೊಂಡ ತಂತ್ರಾಂಶ ದುಬಾರಿ ಕಪಾಟು ಅಷ್ಟೆ.

ದಿನಾಂಕಗಳನ್ನು ನೆನಪಿಸುವುದು ಇಂಥ ತಂತ್ರಾಂಶದ ದೊಡ್ಡ ಉಪಕಾರ. ಅಲ್ಲಿಯೂ ಒಂದು ಎಚ್ಚರಿಕೆ ಬೇಕು. ಘಟಕವೊಂದರಲ್ಲಿ ಒಪ್ಪಿಗೆ ಪತ್ರದ ಅವಧಿ ಮುಗಿದು ನಾಲ್ಕು ತಿಂಗಳಾಗಿದ್ದುದನ್ನು ನಾನೇ ನೋಡಿದ್ದೇನೆ. ತಂತ್ರಾಂಶ ಐದು ಸಲ ನೆನಪಿಸಿತ್ತು; ಆ ಐದೂ ಸಂದೇಶಗಳು ಹಿಂದಿನ ವರ್ಷವೇ ಕೆಲಸ ಬಿಟ್ಟು ಹೋಗಿದ್ದ ಒಬ್ಬರ ಮಿಂಚಂಚೆಗೆ ಹೋಗಿದ್ದವು. ಆದ್ದರಿಂದ ನೆನಪೋಲೆಯನ್ನು ವ್ಯಕ್ತಿಯ ಹೆಸರಿಗಲ್ಲ, ಹುದ್ದೆಗೆ ಕಟ್ಟಿ. ಏಳು ದಿನಗಳಲ್ಲಿ ಉತ್ತರ ಬಾರದಿದ್ದರೆ ಅದು ನಿಮಗೇ ಬರಲಿ.

ನೀವು ಕಂಪನಿಯಾಗಿರುವುದರಿಂದ ಇನ್ನೊಂದು ಮಾತು. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕಪತ್ರದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ದಿನಾಂಕ ಸಮೇತ ಉಳಿಯಬೇಕು, ಅದನ್ನು ಯಾರೂ ನಿಲ್ಲಿಸಲು ಆಗಬಾರದು. ನಿಮ್ಮ ಲೆಕ್ಕಪರಿಶೋಧಕರು ಈ ಬಗ್ಗೆ ತಮ್ಮ ವರದಿಯಲ್ಲಿ ಹೇಳಲೇಬೇಕು. ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದಲ್ಲಿ ಇದಕ್ಕೆಂದೇ ‘ಎಡಿಟ್ ಲಾಗ್’ ಇದೆ. ಇದು ಲೆಕ್ಕದ ತಂತ್ರಾಂಶಕ್ಕೆ ಸಂಬಂಧಿಸಿದ ನಿಯಮ. ದಾಖಲೆಗಳ ತಂತ್ರಾಂಶ ಕೊಂಡ ಮಾತ್ರಕ್ಕೆ ಇದು ಪೂರೈಸಿದಂತಾಗುವುದಿಲ್ಲ.

ಕೊಳ್ಳುವುದೇ ಆದರೆ ಮಾರಾಟಗಾರರಿಗೆ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ: ನಾಳೆ ನಿಮ್ಮನ್ನು ಬಿಟ್ಟು ಬೇರೆಯವರಲ್ಲಿಗೆ ಹೋದರೆ ನನ್ನ ದಾಖಲೆಗಳನ್ನು, ಅವುಗಳ ತಿದ್ದುಪಡಿಯ ಇತಿಹಾಸದ ಸಮೇತ, ಯಾವ ರೂಪದಲ್ಲಿ ಹಿಂದಿರುಗಿಸುತ್ತೀರಿ? ಉತ್ತರ ಬರಹದಲ್ಲಿ ಬರದಿದ್ದರೆ ಚಹಾ ಕುಡಿಸಿ ಕಳುಹಿಸಿಕೊಡಿ.

ಪ್ರಶ್ನೆ: ಮಾಟುಂಗಾದಲ್ಲಿ ತಂದೆಯವರ ಕಾಲದಿಂದ ನಮ್ಮದೊಂದು ಉಡುಪಿ ಹೋಟೆಲಿದೆ. ಅಟ್ಟದ ತುಂಬ ಹಳೆಯ ಬಿಲ್ಲುಗಳ ಗಂಟುಗಳು. ಮಗ ಎಲ್ಲವನ್ನೂ ಸ್ಕ್ಯಾನ್ ಮಾಡಿ ರದ್ದಿಗೆ ಹಾಕೋಣ ಎನ್ನುತ್ತಾನೆ. ಎಷ್ಟು ವರ್ಷದ ಕಾಗದಗಳನ್ನು ಇಟ್ಟುಕೊಳ್ಳಬೇಕು?
— ಹಿರಿಯ ಓದುಗರು, ಮುಂಬಯಿ

ಉತ್ತರ: ಎಲ್ಲ ಕಾಗದಗಳಿಗೂ ಒಂದೇ ಅವಧಿ ಎಂದು ತಿಳಿಯುವುದರಿಂದಲೇ ಅಟ್ಟ ತುಂಬುತ್ತದೆ. ಅಟ್ಟ ತುಂಬಿದ ಮೇಲೆ ಒಂದು ದಿನ ಬೇಸರ ಬಂದು ಬೇಕಾದ್ದೂ ರದ್ದಿಗೆ ಹೋಗುತ್ತದೆ.

ಜಿಎಸ್‌ಟಿ ಕಾಯ್ದೆಯ 36ನೆಯ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು 72 ತಿಂಗಳು ಇಟ್ಟುಕೊಳ್ಳಬೇಕು. ಆದರೆ ಆ 72 ತಿಂಗಳನ್ನು ಎಣಿಸಬೇಕಾದ್ದು ವರ್ಷ ಮುಗಿದ ದಿನದಿಂದಲ್ಲ, ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ. 2023-24ನೆಯ ಸಾಲಿನ ರಿಟರ್ನಿನ ಕೊನೆಯ ದಿನ 2024ರ ಡಿಸೆಂಬರ್ 31 ಆಗಿದ್ದುದರಿಂದ, ಆ ಸಾಲಿನ ಕಾಗದಗಳು 2030ರ ಡಿಸೆಂಬರ್ 31ರವರೆಗೆ ನಿಮ್ಮ ಬಳಿ ಇರಬೇಕು. ವರ್ಷಾಂತ್ಯದಿಂದ ಆರು ವರ್ಷ ಎಣಿಸಿದವರು ಒಂಬತ್ತು ತಿಂಗಳು ಮೊದಲೇ ರದ್ದಿಗೆ ಹಾಕಿರುತ್ತಾರೆ. ಆ ಸಾಲಿಗೆ ಸಂಬಂಧಿಸಿದ ಮೇಲ್ಮನವಿಯೋ ತನಿಖೆಯೋ ನಡೆಯುತ್ತಿದ್ದರೆ, ಅದು ಅಂತಿಮವಾಗಿ ಮುಗಿದ ಮೇಲೆ ಒಂದು ವರ್ಷ ಅಥವಾ ಈ 72 ತಿಂಗಳು, ಇವೆರಡರಲ್ಲಿ ಯಾವುದು ನಂತರ ಬರುತ್ತದೆಯೋ ಅಲ್ಲಿಯವರೆಗೆ ಇಡಬೇಕು. ಹೋಟೆಲನ್ನು ಮುಂದೆ ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡುವ ಯೋಚನೆ ಮಗನಿಗಿದ್ದರೆ, 2013ರ ಕಂಪನಿ ಕಾಯ್ದೆಯ 128ನೆಯ ಕಲಮು ಹಿಂದಿನ ಎಂಟು ಆರ್ಥಿಕ ವರ್ಷಗಳ ಲೆಕ್ಕಪುಸ್ತಕಗಳನ್ನು ಕೇಳುತ್ತದೆ. ಆದಾಯ ತೆರಿಗೆಯ ಲೆಕ್ಕ ಬೇರೆ. ಅದನ್ನು ನಿಮ್ಮ ಸಿಎ ಅವರಿಂದ ಬರೆಸಿ ಪಟ್ಟಿಗೆ ಸೇರಿಸಿ.

ದಾಖಲೆ ನಿರ್ವಹಣಾ ತಂತ್ರಾಂಶಕ್ಕೆ ಈ ಎಣಿಕೆ ಕಲಿಸಬಹುದು. ಖರೀದಿ ಬಿಲ್ಲು, ಸಂಬಳದ ಪಟ್ಟಿ, ಲೈಸನ್ಸ್ ಹೀಗೆ ವರ್ಗ ಮಾಡಿ, ಪ್ರತಿ ವರ್ಗಕ್ಕೆ ಅವಧಿಯನ್ನೂ ಆ ಅವಧಿ ಎಂದಿನಿಂದ ಶುರು ಎಂಬುದನ್ನೂ ಒಮ್ಮೆ ಬರೆದರೆ, ಕಾಲ ಮುಗಿದವುಗಳನ್ನು ಅದು ತೋರಿಸುತ್ತದೆ. ಮೊಕದ್ದಮೆ ಇರುವವುಗಳಿಗೆ ತಡೆ ಹಾಕಿಟ್ಟರೆ ಕೈತಪ್ಪಿಯೂ ಅಳಿಯುವುದಿಲ್ಲ. ಅಳಿಸಿದ್ದನ್ನು ಯಾರು, ಎಂದು, ಯಾವ ನಿಯಮದ ಆಧಾರದಲ್ಲಿ ಅಳಿಸಿದರೆಂಬ ಒಂದು ಸಾಲೂ ಉಳಿಯುತ್ತದೆ. ಅಧಿಕಾರಿ ಕೇಳಿದಾಗ ‘ಸಿಗುತ್ತಿಲ್ಲ’ ಎನ್ನುವುದಕ್ಕೂ ‘ಅವಧಿ ಮುಗಿದು ಇಂಥ ದಿನ ತೆಗೆದಿದ್ದೇವೆ’ ಎನ್ನುವುದಕ್ಕೂ ಬಹಳ ಅಂತರವಿದೆ.

ಹೋಟೆಲಿನವರು ಮರೆಯುವ ಒಂದು ಸಂಗತಿ ಥರ್ಮಲ್ ಕಾಗದದ ಬಿಲ್ಲು. ಅಡುಗೆಮನೆಯ ಶಾಖದ ಬಳಿ ಇಟ್ಟರಂತೂ ಕೆಲವೇ ತಿಂಗಳಲ್ಲಿ ಅಕ್ಷರ ಮಾಸಿ ಬಿಳಿ ಹಾಳೆಯಾಗುತ್ತದೆ. ಅಂಥವನ್ನು ಬಂದ ದಿನವೇ ಸ್ಕ್ಯಾನ್ ಮಾಡಬೇಕು. ಆಹಾರ ಸುರಕ್ಷತೆಯ ತಪಾಸಣೆಗೆ ಬೇಕಾಗುವ ಕೆಲಸಗಾರರ ವಾರ್ಷಿಕ ವೈದ್ಯಕೀಯ ತಪಾಸಣೆಯ ಪತ್ರ, ನೀರಿನ ಪರೀಕ್ಷೆಯ ವರದಿ, ಕೀಟ ನಿಯಂತ್ರಣದ ಚೀಟಿ ಇವನ್ನು ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) ಲೈಸನ್ಸ್ ಜೊತೆ ಒಂದೇ ಜಾಗದಲ್ಲಿಡಿ. ತಪಾಸಣೆಗೆ ಬಂದವರ ಎದುರು ಗಲ್ಲಾಪೆಟ್ಟಿಗೆಯ ಕೆಳಗೆ ತಡಕಾಡುವ ಹತ್ತು ನಿಮಿಷಗಳಲ್ಲಿಯೇ ಅವರಿಗೆ ಅರ್ಧ ಅನುಮಾನ ಹುಟ್ಟಿರುತ್ತದೆ.

ಇನ್ನು ರದ್ದಿಯ ಮಾತು: ಅವಧಿ ಮುಗಿದವು ಹೋಗಲಿ. ಜಾಗದ ಪಗಡಿ (ಮುಂಗಡ ಕೊಟ್ಟು ಪಡೆದ ಹಳೆಯ ಬಾಡಿಗೆ ಹಕ್ಕಿನ) ಪತ್ರ, ಪಾಲುದಾರಿಕೆಯ ಕರಾರು, ಛಾಪಾ ಕಾಗದದ ಮೇಲಿರುವುದು, ಸಹಿಯಿರುವ ರಸೀದಿ ಇವುಗಳನ್ನು ಸ್ಕ್ಯಾನ್ ಮಾಡಿದರೂ ಮೂಲವನ್ನು ಬಿಡಬೇಡಿ. ಕಾರಣವನ್ನು ಮುಂದೆ ವಾಶಿಯ ಓದುಗರಿಗೆ ಕೊಟ್ಟ ಉತ್ತರದಲ್ಲಿ ಹೇಳಿದ್ದೇನೆ.

ಪ್ರಶ್ನೆ: ವೆರ್ಣಾದ ಔಷಧ ತಯಾರಿಕಾ ಘಟಕವೊಂದರಲ್ಲಿ ಗುಣಮಟ್ಟ ವಿಭಾಗದಲ್ಲಿ ಎರಡು ವರ್ಷದಿಂದ ಕೆಲಸದಲ್ಲಿದ್ದೇನೆ. ಔಷಧದ ಪ್ರತಿ ಕಂತಿನ ತಯಾರಿಕೆಯನ್ನು ಹಂತಹಂತವಾಗಿ ಬರೆಯುವ ಬ್ಯಾಚ್ ರೆಕಾರ್ಡುಗಳನ್ನು ಪಾಳಿ ಮುಗಿದ ಮೇಲೆ ಒಟ್ಟಿಗೆ ತುಂಬಿ, ಸ್ಕ್ಯಾನ್ ಮಾಡಿ ತಂತ್ರಾಂಶಕ್ಕೆ ಏರಿಸುವುದು ನಮ್ಮಲ್ಲಿ ರೂಢಿ. ಲಾಗಿನ್ ಕೂಡ ಇಡೀ ವಿಭಾಗಕ್ಕೆ ಒಂದೇ. ಹಿರಿಯರು, ಸರ್ವರಿನಲ್ಲಿ ದಾಖಲೆ ಇದ್ದರಾಯಿತು ಎನ್ನುತ್ತಾರೆ. ನನಗೆ ಭಯವಾಗುತ್ತದೆ.
— ಓದುಗರು, ಗೋವೆ

ಉತ್ತರ: ನಿಮ್ಮ ಭಯ ಸರಿಯಾದದ್ದೇ, ತಂಗಿ. ಔಷಧ ಕ್ಷೇತ್ರದಲ್ಲಿ ದಾಖಲೆ ಇದೆಯೇ ಎಂಬುದು ಮೊದಲ ಪ್ರಶ್ನೆಯಲ್ಲ. ಆ ದಾಖಲೆ ಯಾರ ಕೈಯಿಂದ, ಯಾವ ಹೊತ್ತಿನಲ್ಲಿ ಹುಟ್ಟಿತು ಎಂಬುದೇ ಮೊದಲ ಪ್ರಶ್ನೆ. ತಪಾಸಕರು ಇಂಗ್ಲಿಷಿನ ಐದು ಮೊದಲಕ್ಷರಗಳನ್ನು ಸೇರಿಸಿ ‘ಅಲ್ಕೋವಾ’ ಎನ್ನುವ ನಿಯಮ ನಿಮಗೆ ಗೊತ್ತೇ ಇದೆ: ಬರೆದವರು ಯಾರೆಂದು ತಿಳಿಯಬೇಕು, ಓದುವಂತಿರಬೇಕು, ಕೆಲಸ ನಡೆದ ಹೊತ್ತಿಗೇ ಬರೆದಿರಬೇಕು, ಮೂಲವಾಗಿರಬೇಕು, ಸರಿಯಾಗಿರಬೇಕು. ನಿಮ್ಮಲ್ಲಿಯ ರೂಢಿಯಲ್ಲಿ ಮೊದಲನೆಯದೂ ಮೂರನೆಯದೂ ಎರಡೂ ಮುರಿದಿವೆ.

ಸ್ಕ್ಯಾನ್ ಮಾಡಿದ ಸಮಯವನ್ನು ತಂತ್ರಾಂಶ ನಿಖರವಾಗಿ ಬರೆದುಕೊಳ್ಳುತ್ತದೆ. ಆದರೆ ಅದು ಸ್ಕ್ಯಾನ್ ಮಾಡಿದ ಸಮಯ ಮಾತ್ರ. ಪುಡಿಯನ್ನು ಕಾಳುಕಾಳಾಗಿಸುವ ಗ್ರ್ಯಾನ್ಯುಲೇಶನ್ ಹಂತ 11 ಗಂಟೆಗೆ ಮುಗಿಯಿತೆಂದು ಹಾಳೆಯಲ್ಲಿದ್ದು, ಆ ಹಾಳೆಯ ಏಳೂ ನಮೂದುಗಳು ಒಂದೇ ಪೆನ್ನಿನ ಒಂದೇ ಓಟದಲ್ಲಿದ್ದರೆ ಅನುಭವಿ ತಪಾಸಕರು ಸರ್ವರಿನ ಕಡೆ ನೋಡುವುದೇ ಇಲ್ಲ. ತಕ್ಕಡಿಯ ಪ್ರಿಂಟರಿನ ಚೀಟಿಯನ್ನೂ ಗೇಟಿನ ಹಾಜರಿಯನ್ನೂ ತರಿಸಿ ಪಕ್ಕಪಕ್ಕ ಇಡುತ್ತಾರೆ. ಅಲ್ಲಿ ಹೊಂದದಿದ್ದರೆ ಔಷಧ ಎಷ್ಟೇ ಚೆನ್ನಾಗಿದ್ದರೂ ಆ ಬ್ಯಾಚಿನ ಬಗೆಗಿನ ನಂಬಿಕೆ ಹೋಯಿತು.

ಅಮೆರಿಕಕ್ಕೆ ರಫ್ತು ಮಾಡುವ ಘಟಕವಾದರೆ 1997ರಿಂದ ಜಾರಿಯಲ್ಲಿರುವ ಅಲ್ಲಿನ ಎಲೆಕ್ಟ್ರಾನಿಕ್ ದಾಖಲೆ ಮತ್ತು ಸಹಿಗಳ ನಿಯಮವಾದ ‘21 ಸಿಎಫ್ಆರ್ ಭಾಗ 11’ ನಿಮಗೂ ಅನ್ವಯಿಸುತ್ತದೆ. ಅದರ ಪ್ರಕಾರ ಬದಲಾವಣೆಯ ಜಾಡನ್ನು ಕಂಪ್ಯೂಟರೇ ಸಮಯದೊಂದಿಗೆ ಬರೆಯಬೇಕು, ಹೊಸ ನಮೂದು ಹಳೆಯದನ್ನು ಮುಚ್ಚಬಾರದು. ಎಲೆಕ್ಟ್ರಾನಿಕ್ ಸಹಿಯ ಜೊತೆ ಸಹಿ ಮಾಡಿದವರ ಹೆಸರು, ದಿನಾಂಕ ಮತ್ತು ವೇಳೆ, ಸಹಿ ಪರಿಶೀಲನೆಗೋ ಒಪ್ಪಿಗೆಗೋ ಎಂಬ ಅರ್ಥ ಇವೆಲ್ಲ ಕಾಣಬೇಕು. ಒಬ್ಬರ ಸಹಿಯನ್ನು ಇನ್ನೊಬ್ಬರು ಬಳಸುವಂತಿಲ್ಲ. ನಮ್ಮ ದೇಶದಲ್ಲೂ 2023ರ ಡಿಸೆಂಬರ್ ಕೊನೆಯ ಅಧಿಸೂಚನೆಯಿಂದ ಪರಿಷ್ಕೃತವಾದ ಔಷಧ ನಿಯಮಗಳ, ಉತ್ತಮ ತಯಾರಿಕೆಯ ಕ್ರಮಗಳನ್ನು ಹೇಳುವ ‘ಎಂ’ ಅನುಸೂಚಿ ಗಣಕ ವ್ಯವಸ್ಥೆಗಳ ವಿಷಯವನ್ನು ಒಳಗೊಂಡಿದೆ. ಇಡೀ ವಿಭಾಗಕ್ಕೆ ಒಂದೇ ಲಾಗಿನ್ ಇರುವಲ್ಲಿ ಜಾಡು ಇದ್ದೂ ಇಲ್ಲದಂತೆ: ಎಲ್ಲ ಸಾಲಿನಲ್ಲೂ ಒಂದೇ ಹೆಸರು.

ನೀವು ಮಾಡಬಹುದಾದದ್ದನ್ನು ಹೇಳುತ್ತೇನೆ. ತಡವಾದ ನಮೂದು ಅಪರಾಧವಲ್ಲ, ಅದನ್ನು ಹೊತ್ತಿಗೆ ಸರಿಯಾಗಿ ಬರೆದದ್ದೆಂದು ತೋರಿಸುವುದು ಅಪರಾಧ. ಬಿಟ್ಟುಹೋದ ನಮೂದನ್ನು ಇಂದಿನ ದಿನಾಂಕ ಮತ್ತು ವೇಳೆ ಹಾಕಿ, ತಡವಾದ ಕಾರಣ ಬರೆದು, ಸ್ವಂತ ಸಹಿ ಮಾಡಿ ಸೇರಿಸುವ ಕ್ರಮವನ್ನು ಲಿಖಿತ ಕಾರ್ಯವಿಧಾನದಲ್ಲಿ ತರಲು ಕೇಳಿ. ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್ ಬೇಕೆಂದು ಬರಹದಲ್ಲಿ ಬೇಡಿಕೆ ಇಡಿ. ಕಂಪ್ಯೂಟರಿನ ಗಡಿಯಾರ ಬದಲಾಯಿಸುವ ಅಧಿಕಾರವೂ ತಂತ್ರಾಂಶದ ಆಡಳಿತಾಧಿಕಾರವೂ ಉತ್ಪಾದನೆಯವರ ಕೈಯಲ್ಲಿರಬಾರದು. ತಂತ್ರಾಂಶ ಹೇಳಿದಂತೆ ಕೆಲಸ ಮಾಡುತ್ತದೆಂದು ಪರೀಕ್ಷಿಸಿ ದಾಖಲಿಸುವ ವ್ಯಾಲಿಡೇಶನ್ ಕೆಲಸವನ್ನು, ಹೊಸ ಆವೃತ್ತಿ ಬಂದಾಗಲೆಲ್ಲ ಬದಲಾದ ಭಾಗಕ್ಕೆ ಮತ್ತೆ ಮಾಡಬೇಕು. ಹಿರಿಯರೊಡನೆ ಮಾತನಾಡುವಾಗ ‘ನೀವು ತಪ್ಪು ಮಾಡುತ್ತಿದ್ದೀರಿ’ ಎನ್ನಬೇಡಿ. ‘ತಪಾಸಕರು ಈ ಹಾಳೆಯ ಜೊತೆ ತಕ್ಕಡಿಯ ಚೀಟಿ ಕೇಳಿದರೆ ನಾನೇನು ಕೊಡಲಿ, ಸರ್?’ ಎಂದು ಕೇಳಿ. ಅಷ್ಟಕ್ಕೂ ಸಹಿ ನಿಮ್ಮದಾಗಿದ್ದರೆ, ನೀವು ನೋಡದ ಕೆಲಸಕ್ಕೆ ಸಹಿ ಹಾಕಬೇಡಿ.

ಪ್ರಶ್ನೆ: ವಾಶಿಯ ಮಾರುಕಟ್ಟೆಯಲ್ಲಿ ನನ್ನದು ಸಗಟು ವ್ಯಾಪಾರ. ಹಣ ಕೊಡದ ಗ್ರಾಹಕರೊಬ್ಬರ ಮೇಲೆ ದಾವೆ ಹೂಡಬೇಕಾಗಿದೆ. ಮಾಲು ತಲುಪಿದ ಚಲನ್‌ಗಳು ಸ್ಕ್ಯಾನ್ ಆಗಿವೆ, ಮೂಲ ಕಾಗದ ಉಳಿದಿಲ್ಲ. ನ್ಯಾಯಾಲಯ ಒಪ್ಪುತ್ತದೆಯೇ?
— ಓದುಗರು, ನವಿ ಮುಂಬಯಿ

ಉತ್ತರ: ಒಪ್ಪುವ ದಾರಿ ಇದೆ, ಆದರೆ ನಿಮ್ಮದು ಸ್ವಲ್ಪ ಕಷ್ಟದ ದಾರಿ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಎಲೆಕ್ಟ್ರಾನಿಕ್ ದಾಖಲೆಗೆ ಮಾನ್ಯತೆ ಕೊಟ್ಟಿದೆ. ಅದರ 7ನೆಯ ಕಲಮಿನ ಪ್ರಕಾರ, ಅಂಥ ದಾಖಲೆ ಮುಂದೆಯೂ ತೆರೆದು ನೋಡುವಂತಿರಬೇಕು, ಮೂಲ ರೂಪವನ್ನು ನಿಖರವಾಗಿ ತೋರಬೇಕು, ಎಲ್ಲಿಂದ ಎಂದು ಬಂತೆಂಬ ವಿವರ ಉಳಿದಿರಬೇಕು.

ನ್ಯಾಯಾಲಯದಲ್ಲಿ ಹಾಜರುಪಡಿಸಲು ಹಿಂದೆ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಪ್ರಮಾಣಪತ್ರ ಬೇಕಾಗಿತ್ತು. ಜಾಲನಾದ ಚುನಾವಣಾ ವ್ಯಾಜ್ಯದಲ್ಲಿ, ನಾಮಪತ್ರ ಸಲ್ಲಿಕೆಯ ವಿಡಿಯೊ ದೃಶ್ಯಗಳ ವಿಷಯ ಬಂದಾಗ, ಆ ಪ್ರಮಾಣಪತ್ರ ಕಡ್ಡಾಯವೆಂದು ಸರ್ವೋಚ್ಚ ನ್ಯಾಯಾಲಯ 2020ರ ಜುಲೈನಲ್ಲಿ ತೀರ್ಪಿತ್ತಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಅದರ ಜಾಗಕ್ಕೆ 63ನೆಯ ಕಲಮು ಬಂದಿದೆ. ಪ್ರಮಾಣಪತ್ರ ಈಗ ಎರಡು ಭಾಗದ್ದು: ಒಂದನ್ನು ನೀವು ತುಂಬಬೇಕು, ಇನ್ನೊಂದನ್ನು ತಜ್ಞರು. ಕಡತದ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಹ್ಯಾಶ್ ಎಂದರೆ ಕಡತದಿಂದ ಲೆಕ್ಕ ಹಾಕಿ ಪಡೆದ ಒಂದು ಗುರುತು. ಕಡತದಲ್ಲಿ ಒಂದು ಚುಕ್ಕೆ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ. ಸ್ಕ್ಯಾನ್ ಮಾಡಿದ ದಿನವೇ ಹ್ಯಾಶ್ ಬರೆದಿಡುವ ತಂತ್ರಾಂಶ ನಿಮ್ಮದಾಗಿದ್ದರೆ, ಅಂದಿನಿಂದ ಇಂದಿನವರೆಗೆ ಚಲನ್ ಬದಲಾಗಿಲ್ಲವೆಂದು ತೋರಿಸುವುದು ಸುಲಭ.

ಆದರೆ ಎದುರು ಪಕ್ಷದವರು ‘ಇದು ನನ್ನ ಸಹಿಯೇ ಅಲ್ಲ’ ಎಂದರೆ ಹ್ಯಾಶ್ ಸಹಾಯಕ್ಕೆ ಬರುವುದಿಲ್ಲ. ಪೆನ್ನಿನ ಒತ್ತಡ, ಶಾಯಿ ಇವನ್ನು ಪರೀಕ್ಷಿಸಲು ಕೈಬರಹದ ತಜ್ಞರಿಗೆ ಮೂಲ ಕಾಗದ ಬೇಕು. ಈಗ ಇ-ವೇ ಬಿಲ್ಲು, ಲಾರಿಯ ರಸೀದಿ, ಗ್ರಾಹಕರು ಆ ಖರೀದಿಯ ಮೇಲೆ ಜಿಎಸ್‌ಟಿ ಜಮೆ ಪಡೆದಿದ್ದರೆ ಅದರ ವಿವರ, ಮಾಲು ಬಂತೆಂದು ಕಳುಹಿಸಿದ ಸಂದೇಶ ಇವನ್ನೆಲ್ಲ ಕೂಡಿಸಿ ವಕೀಲರಿಗೆ ಕೊಡಿ. ಸಂದೇಶಗಳಿರುವ ಫೋನನ್ನು ಮಾತ್ರ ಸದ್ಯಕ್ಕೆ ಬದಲಾಯಿಸಬೇಡಿ.

ಪ್ರಶ್ನೆ: ಅಂಧೇರಿಯ ನಮ್ಮ ಕಚೇರಿಯಲ್ಲಿ ಎಲ್ಲ ಕಡತಗಳೂ ಕ್ಲೌಡಿನಲ್ಲಿ ತಾವಾಗಿಯೇ ಉಳಿಯುತ್ತವೆ. ಬೇರೆ ಬ್ಯಾಕಪ್ ಏಕೆ?
— ಓದುಗರು, ಮುಂಬಯಿ

ಉತ್ತರ: ನೀವು ಹೇಳುತ್ತಿರುವುದು ಬ್ಯಾಕಪ್ ಅಲ್ಲ, ಸಿಂಕ್. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ; ಇಲ್ಲಿನ ಕಡತಗಳಿಗೆ ಹಣ ಸುಲಿಯುವ ದುಷ್ಟ ತಂತ್ರಾಂಶವಾದ ರ‍್ಯಾನ್ಸಮ್‌ವೇರ್ ಬೀಗ ಹಾಕಿದರೆ ಬೀಗ ಬಿದ್ದ ಕಡತವೇ ಅಲ್ಲಿಗೂ ಹೋಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದಾಗ ನೆಲಮಹಡಿಯ ಕಚೇರಿಗಳ ಕಡತಗಳು ಏನಾದವೆಂಬುದು ನಮ್ಮ ಊರಿನವರಿಗೆ ನೆನಪಿದೆ. 2012ರ ಜೂನ್ 21ರ ಬೆಂಕಿಯಲ್ಲಿ ಮಹಾರಾಷ್ಟ್ರ ಸರ್ಕಾರದ ಸಚಿವಾಲಯವಾದ ಮಂತ್ರಾಲಯದ ಕಡತಗಳೇ ಸುಟ್ಟುಹೋದವು. ಇಂದಿನ ಅಪಾಯ ನೀರು, ಬೆಂಕಿಗಳಿಗಿಂತ ಸದ್ದಿಲ್ಲದ್ದು.

ಕಂಪನಿಯಾಗಿದ್ದರೆ ಎಲೆಕ್ಟ್ರಾನಿಕ್ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದೊಳಗಿನ ಸರ್ವರಿನಲ್ಲಿ ಪ್ರತಿದಿನ ಆಗಬೇಕೆಂಬುದು 2022ರ ತಿದ್ದುಪಡಿಯ ನಂತರದ ನಿಯಮ. ಸೈಬರ್ ದಾಳಿಯಾದರೆ, ಅದು ಗಮನಕ್ಕೆ ಬಂದ ಆರು ಗಂಟೆಗಳೊಳಗೆ ಸೈಬರ್ ಭದ್ರತೆಯನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಗೆ ತಿಳಿಸಬೇಕೆಂದು 2022ರ ಏಪ್ರಿಲಿನ ನಿರ್ದೇಶನ ಹೇಳುತ್ತದೆ. ಒಂದು ಪ್ರತಿ ಜಾಲದಿಂದ ಬೇರ್ಪಟ್ಟಿರಲಿ. ಮೂರು ತಿಂಗಳಿಗೊಮ್ಮೆ ಯಾವುದಾದರೂ ಹಳೆಯ ಕಡತವನ್ನು ಆ ಪ್ರತಿಯಿಂದ ಹಿಂದಕ್ಕೆ ತಂದು ತೆರೆದು ನೋಡಿ. ತೆರೆಯಲು ಪ್ರಯತ್ನಿಸಿದ ದಿನವೇ ಬ್ಯಾಕಪ್ ಇಲ್ಲವೆಂದು ಗೊತ್ತಾದ ಕಚೇರಿಗಳನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ಕೆಲಸ ಬಿಟ್ಟುಹೋದವರ ಆಧಾರ್, ಪ್ಯಾನ್ ಪ್ರತಿಗಳನ್ನು ತಂತ್ರಾಂಶದಲ್ಲಿ ಎಂದೆಂದಿಗೂ ಇಟ್ಟುಕೊಂಡರೆ ತಪ್ಪೇನು?
— ಓದುಗರು, ಪುಣೆ

ಉತ್ತರ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಅದರ ಹೊಣೆಗಳು ಹಂತಹಂತವಾಗಿ ಜಾರಿಗೆ ಬರುತ್ತಿವೆ. ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನು ಉಳಿಸಿಕೊಳ್ಳಲು ಹೇಳದಿದ್ದರೆ, ಮಾಹಿತಿಯನ್ನು ಅಳಿಸಬೇಕೆಂಬುದು ಅದರ ಮಾತು. ಸಾಕಷ್ಟು ಭದ್ರತೆ ಇಡದೆ ಮಾಹಿತಿ ಸೋರಿದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ಭವಿಷ್ಯನಿಧಿ, ಸಂಬಳ, ತೆರಿಗೆ ಇವುಗಳಿಗೆ ಬೇಕಾದ ವಿವರಗಳನ್ನು ಆಯಾ ಅವಧಿಯವರೆಗೆ ಇಡಿ. ಹತ್ತು ಕಡೆ ಹರಡಿದ ಆಧಾರ್ ಪ್ರತಿಗಳನ್ನು ತೆಗೆದುಹಾಕಿ. ಗುರುತಿಗಷ್ಟೇ ಬೇಕಿದ್ದಲ್ಲಿ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಸಾಕು. ಅಳಿಸುವಾಗ ಮಾನವ ಸಂಪನ್ಮೂಲ ವಿಭಾಗದವರ ಮಿಂಚಂಚೆ, ವಾಟ್ಸ್ಆ್ಯಪ್ ಗುಂಪು, ಸ್ಕ್ಯಾನರಿನ ಸ್ವಂತ ನೆನಪಿನ ಫೋಲ್ಡರ್ ಇವನ್ನೂ ನೋಡಿ. ತಂತ್ರಾಂಶದಲ್ಲಿ ಅಳಿಸಿದ ಪ್ರತಿ ಹೆಚ್ಚಾಗಿ ಉಳಿದಿರುವುದು ಅಲ್ಲಿಯೇ.